ಅಪ್ಪನ ಸೊಂಟದಲ್ಲಿ ಎರಡು ಉಡದಾರ

ಅಪ್ಪ ತೀರಿಕೊಂಡ ಮೂರನೆಯ ತಿಂಗಳಿಗೆ ತಮ್ಮನ ಪಂದ್ಯ ಬಂತು. ಪಂದ್ಯದ ಹಿಂದಿನ ದಿನ ಅವನು ತೂಕಕ್ಕೆ ನಿಲ್ಲಬೇಕು. ನಿಲ್ಲುವ ಮುಂಚೆ ಸೊಂಟದ ಬೆಳ್ಳಿ ಉಡದಾರ ಬಿಚ್ಚಬೇಕು. ಬಿಚ್ಚಿದ್ದನ್ನು ಯಾರು ಕಟ್ಟಿಕೊಳ್ಳಬೇಕು ಎಂಬುದು ನಮ್ಮ ಮನೆಯಲ್ಲಿ ದೊಡ್ಡ ಪ್ರಶ್ನೆಯಾಯಿತು. ಅದು ತೀರ್ಮಾನವಾಗದೆ ತಾನು ಪಂಜರಕ್ಕೆ ಇಳಿಯುವುದಿಲ್ಲ ಎಂದು ತಮ್ಮ ಕೂತುಬಿಟ್ಟ.

ಇದು ಅರ್ಥವಾಗಬೇಕಾದರೆ ಅಪ್ಪನ ವಿಷಯ ಹೇಳಬೇಕು. ಹೇಳಲು ನನಗೂ ಆಸೆ. ಈಗೀಗ ಅಪ್ಪನ ಮಾತು ತೆಗೆದರೆ ಎದುರಿಗಿದ್ದವರು ಮುಖ ಸಣ್ಣದು ಮಾಡಿಕೊಂಡು ನನ್ನ ಕೈ ಹಿಡಿಯುತ್ತಾರೆ. ನನಗೆ ನೆನಪಾಗುವುದೆಲ್ಲ ನಗು ತರಿಸುವಂಥದ್ದು. ಸಮಾಧಾನ ಹೇಳಲು ಬಂದವರ ಎದುರು ನಗುವುದು ಹೇಗೆ? ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ವಿಜಯಪುರದ ಕಡೆಯವನು. ಹೊಟ್ಟೆಪಾಡಿಗೆ ಮರಾಠಿ ಸೀಮೆಗೆ ಬಂದು ಕಳಂಬೋಲಿಯ ಕಬ್ಬಿಣದ ಬಜಾರಿನಲ್ಲಿ ಹಮಾಲಿ ಮಾಡುತ್ತಿದ್ದ. ಸಳಿ ಅಂದರೆ ಕಬ್ಬಿಣದ ಸರಳು, ಆಂಗಲ್, ತಗಡಿನ ಪತ್ರಾ ಲಾರಿಗೆ ಹೇರುವುದು, ಲಾರಿಯಿಂದ ಇಳಿಸುವುದು. ಅವನ ಎಡ ಹೆಗಲು ಬಲ ಹೆಗಲಿಗಿಂತ ತುಸು ಇಳಿದಿತ್ತು. ಅಂಗಿ ಹೊಲಿಯುವಾಗ ನಾನು ಆ ಕಡೆ ಬಟ್ಟೆಯನ್ನು ಸ್ವಲ್ಪ ಒಳಗೆ ಹಿಡಿಯುತ್ತಿದ್ದೆ. ಅವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ತಮ್ಮ ಹುಟ್ಟಿದಾಗ ನನಗೆ ಒಂಬತ್ತು ವರ್ಷ. ಅವನು ಬೆಳೆದದ್ದೇ ನನ್ನ ಸೊಂಟದ ಮೇಲೆ. ಅವನನ್ನು ಹೊತ್ತುಕೊಂಡೇ ನೀರಿನ ಸಾಲಿನಲ್ಲಿ ನಿಲ್ಲುತ್ತಿದ್ದೆ, ಹೊತ್ತುಕೊಂಡೇ ಕುಂಟೆಬಿಲ್ಲೆ ಆಡುತ್ತಿದ್ದೆ. ಕೆಳಗಿಳಿಸಿದರೆ ಒದೆಯುತ್ತಿದ್ದ. ಒದೆಯುವುದನ್ನು ಅವನು ಅಕ್ಕನ ಕಡೆಯಿಂದಲೇ ಕಲಿತ ಎಂದು ಅಪ್ಪ ಮುಂದೆ ಎಲ್ಲರಿಗೂ ಹೇಳುತ್ತಿದ್ದ.

ನಾನು ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದೆ. ಮದುವೆಯಾಗಿ ವಿಠ್ಠಲವಾಡಿಗೆ ಬಂದೆ. ಗಂಡ ಉಲ್ಹಾಸನಗರದ ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್, ನಾನು ಮನೆಯಲ್ಲೇ ಕುಳಿತು ಸೀರೆಗಳಿಗೆ ಫಾಲ್ ಹಚ್ಚುತ್ತೇನೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಗೋದಾಮಿನ ಮೇಲೆ, ಎಂಎಂಎ ಆಟ ಕಲಿಸುವ ಜಿಮ್ ಇತ್ತು. ತಮ್ಮ ಮೊದಲು ನೋಡಲು ಹೋದ, ಆಮೇಲೆ ದಿನಾ ಹೋದ, ಕೊನೆಗೆ ಹಾಸಿಗೆ ಸುತ್ತಿಕೊಂಡು ಬಂದು ನಮ್ಮ ಮನೆಯಲ್ಲೇ ಉಳಿದ. ಎಂಎಂಎ ಎಂದರೆ ಈಗಿನವರಿಗೆ ಗೊತ್ತಿದೆ. ಜಾಲರಿ ಕಟ್ಟಿದ ಪಂಜರದೊಳಗೆ ಇಬ್ಬರು. ಗುದ್ದಬಹುದು, ಒದೆಯಬಹುದು, ಎತ್ತಿ ಕೆಡವಬಹುದು, ಕತ್ತು ಹಿಡಿದು ಅಮುಕಬಹುದು. ಅಪ್ಪ ಅದನ್ನು ಕೊನೆಯವರೆಗೂ ‘ಪಂಜರದ ಕುಸ್ತಿ’ ಎಂದೇ ಕರೆದ.

ಕೋಚ್ ಮರಾಠಿ ಮನುಷ್ಯ, ಹಿಂದೆ ಕುಸ್ತಿ ಆಡಿದವರು. ಪಟ್ಟುಗಳಲ್ಲಿ ಜಜ್ಜಿ ಅವರ ಕಿವಿಗಳು ಹೂಕೋಸಿನ ಹಾಗೆ ಮುದುಡಿದ್ದವು. ಅಪ್ಪ ಮೊದಲ ಸಲ ಜಿಮ್ಮಿಗೆ ಬಂದಾಗ ಆ ಕಿವಿಗಳನ್ನು ನೋಡಿ ಸಮಾಧಾನಪಟ್ಟ. “ಖರೆ ಪೈಲ್ವಾನ ಅದಾನು. ಕಿವಿ ಸುಳ್ಳು ಹೇಳೂದಿಲ್ಲ,” ಎಂದ. ಆದರೆ ಮಗನ ತಟ್ಟೆ ನೋಡಿದಾಗ ಆ ಸಮಾಧಾನ ಹಾರಿಹೋಯಿತು. ಪಂದ್ಯ ಬಂದಾಗ ತೂಕ ಇಳಿಸಬೇಕು. ಉಪ್ಪಿಲ್ಲ, ಅನ್ನವಿಲ್ಲ, ಬೇಯಿಸಿದ ಕೋಳಿಯ ಒಂದು ತುಂಡು, ನಾಲ್ಕು ಸೌತೆಕಾಯಿ ಹೋಳು. ಕೊನೆಯ ದಿನ ಬಾಯಿ ಒದ್ದೆ ಮಾಡುವಷ್ಟು ನೀರು.

“ಇದೆಂಥಾ ಆಟಲೇ? ನಮ್ಮ ಕಡೆ ಪೈಲ್ವಾನಗ ಬದಾಮಿ ಹಾಲು ಕುಡಸ್ತಾರ, ತುಪ್ಪ ತಿನಸ್ತಾರ. ನಿನಗ ಉಪಾಸ ಕೆಡವ್ಯಾರ?”

“ಅಪ್ಪಾ, ವೇಟ್ ಕಟ್ ಹೈ. ಸಬ್ ಕರತೇ ಹೈಂ,” ಎಂದ ತಮ್ಮ. ಅವನಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

“ಸಬ್ ಮಾಡ್ಲಿ. ಅವರ ಅವ್ವಂದಿರು ಹೆಂಗ ನೋಡಕೋತ ಕುಂತಾರೋ,” ಎಂದು ಅಪ್ಪ ಚೀಲದಿಂದ ಶೇಂಗಾ ಹೋಳಿಗೆಯ ಡಬ್ಬಿ ತೆಗೆದ. ತಮ್ಮ ಡಬ್ಬಿಯತ್ತ ಒಂದು ಸಲ ನೋಡಿ ಎದ್ದು ಹೊರಗೆ ಓಡಿಹೋದ. ನಾವು ಬಾಗಿಲು ಹಾಕಿಕೊಂಡು ಹೋಳಿಗೆ ತಿಂದೆವು. ಕಳ್ಳರ ಹಾಗೆ.

ಆದರೂ ಆ ತೂಕದ ಹುಚ್ಚು ಅಪ್ಪನಿಗೂ ಹಿಡಿಯಿತು. ಒಮ್ಮೆ ಮಗ ಕಳಂಬೋಲಿಗೆ ಬಂದಿದ್ದಾಗ ಅವನನ್ನು ನೇರವಾಗಿ ಬಜಾರಿನ ಧರ್ಮಕಾಟಾಕ್ಕೆ, ಅಂದರೆ ಲಾರಿಗಳನ್ನು ತೂಗುವ ಕಟ್ಟೆಗೆ ಕರೆದುಕೊಂಡು ಹೋದ. ನಡುವೆ ನಿಲ್ಲಿಸಿದ. ಒಳಗಿದ್ದವನು ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕ. “ಕಾಕಾ, ಈ ಕಾಟಾ ಹತ್ತು ಹತ್ತು ಕಿಲೋ ಲೆಕ್ಕದಾಗ ಓಡತೈತಿ. ನಿನ್ನ ಮಗನ್ನ ಲಾರ್‍ಯಾಗ ಕುಂದ್ರಿಸಿ ತಾ, ಲಾರಿ ತೂಕ ಕಳದು ಹೇಳ್ತೀನಿ.” ಅಂದಿನಿಂದ ಬಜಾರಿನಲ್ಲಿ ತಮ್ಮನಿಗೆ ‘ಹಾಫ್ ಲೋಡ್’ ಎಂದು ಹೆಸರು ಬಿತ್ತು.

ಹವ್ಯಾಸಿ ಪಂದ್ಯಗಳಲ್ಲಿ ತಮ್ಮ ಹಲವು ಸಲ ಗೆದ್ದ. ಅಪ್ಪನಿಗೆ ಅವೆಲ್ಲ ಆಟ. ಒಂದು ದಿನ ಕೋಚ್ ಫೋನ್ ಮಾಡಿ, ಇನ್ನು ಮುಂದೆ ಇದು ಆಟವಲ್ಲ, ನಿಮ್ಮ ಮಗ ವೃತ್ತಿಪರನಾಗಿ ಮೊದಲ ಪಂದ್ಯಕ್ಕೆ ಸಹಿ ಹಾಕಿದ್ದಾನೆ ಎಂದರು. ಅಪ್ಪ ಆ ಫೋನ್ ಇಟ್ಟ ಕೂಡಲೇ ನನಗೆ ಫೋನ್ ಮಾಡಿದ. “ಅಂದ್ರ ಇದು ಇವನ ಕಸಬು ಆತಲ್ಲ?”

“ಆತು ಅಪ್ಪಾ.”

“ಹಂಗಾರ ಬೆಳ್ಳಿ ಕಟ್ಟಬೇಕು.”

ನಮ್ಮ ಮನೆತನದ ಪದ್ಧತಿ ಅದು. ಗಂಡುಹುಡುಗರು ಚಿಕ್ಕಂದಿನಿಂದ ಸೊಂಟಕ್ಕೆ ಕರಿದಾರದ ಉಡದಾರ ಕಟ್ಟಿಕೊಂಡಿರುತ್ತಾರೆ. ಮೊದಲ ಸಲ ದುಡಿಮೆಗೆ ಹೋಗುವ ದಿನ ಬೆಳಿಗ್ಗೆ ಅಪ್ಪನಾದವನು ಬೆಳ್ಳಿಯದನ್ನು ಕಟ್ಟುತ್ತಾನೆ. ಅಪ್ಪನಿಗೆ ಅವನ ಅಪ್ಪ ಕಟ್ಟಿದ್ದು ಅವನು ಮೊದಲ ಸಲ ಮೂಟೆ ಎತ್ತಿದ ದಿನ. ಕಟ್ಟಿದ ಬೆಳ್ಳಿಯನ್ನು ಬಿಚ್ಚುವುದಿಲ್ಲ. ಮನುಷ್ಯ ಸತ್ತಾಗ ಮಾತ್ರ ತೆಗೆದು ಪಕ್ಕಕ್ಕಿಡುತ್ತಾರೆ. ಹಾಗಾಗಿ ಬೆಳ್ಳಿ ಉಡದಾರ ಪೆಟ್ಟಿಗೆಯಲ್ಲೋ ಚೀಲದಲ್ಲೋ ಇದ್ದರೆ ಅದು ತೀರಿಹೋದವನದು ಎಂದು ಅರ್ಥ.

ತೂಕದ ದಿನ ಅಪ್ಪ ಕಳಂಬೋಲಿಯಿಂದ ಮೊದಲ ಬಸ್ಸು ಹಿಡಿದು ನಮ್ಮ ಮನೆಗೆ ಬಂದ. ತಮ್ಮ ಆಗಷ್ಟೇ ಮನೆಯ ತೂಕದ ಯಂತ್ರದ ಮೇಲೆ ನಿಂತು ಇಳಿದಿದ್ದ. ಅವನ ಮಿತಿ ಐವತ್ತೇಳು ಕಿಲೋ. ಯಂತ್ರ ಸರಿಯಾಗಿ ಐವತ್ತೇಳು ತೋರಿಸಿತ್ತು. ಕಣ್ಣು ಒಳಗೆ ಹೋಗಿದ್ದವು, ತುಟಿ ಒಡೆದಿದ್ದವು, ಆದರೂ ನಗುತ್ತಿದ್ದ. ಅಪ್ಪ ಅವನನ್ನು ದೇವರ ಫೋಟೋದ ಮುಂದೆ ನಿಲ್ಲಿಸಿ ಬೆಳ್ಳಿ ಉಡದಾರ ಕಟ್ಟಿ, ಕೊಂಡಿ ಹಾಕಿ, ಹಳೆಯ ಕರಿದಾರ ಹರಿದ. ತಮ್ಮ ಅಪ್ಪನ ಕಾಲಿಗೆ ಬಿದ್ದ. ಏಳುವಾಗ ತಲೆ ಸುತ್ತಿ ಅಪ್ಪನ ಮೊಣಕಾಲು ಹಿಡಿದುಕೊಂಡ. ಎಲ್ಲರೂ ಖುಷಿಯಾಗಿ ಲೋಕಲ್ ಹತ್ತಿದೆವು. ಠಾಣೆಯಲ್ಲಿ ಇಳಿದು ಐರೋಲಿಯ ರೈಲು ಹಿಡಿದೆವು. ಅಪ್ಪ ಜೀವಮಾನವಿಡೀ ಕಬ್ಬಿಣ ತೂಗಿದವನು. ಬೆಳ್ಳಿಗೂ ತೂಕ ಇರುತ್ತದೆ ಎಂದು ಅವನಿಗಾಗಲಿ ನಮಗಾಗಲಿ ಹೊಳೆಯಲಿಲ್ಲ.

ಐರೋಲಿಯ ಒಂದು ಹೋಟೆಲಿನ ಹಾಲ್‌ನಲ್ಲಿ ತೂಕ. ತಮ್ಮ ಚಡ್ಡಿಯಲ್ಲಿ ನಿಂತ. ನೂರು ಗ್ರಾಂ ಹೆಚ್ಚು. ಇಬ್ಬರು ಟವಲ್ ಅಡ್ಡ ಹಿಡಿದರು, ಚಡ್ಡಿಯನ್ನೂ ತೆಗೆದ. ಆದರೂ ಹೆಚ್ಚು. ಯಂತ್ರದ ಪಕ್ಕ ನಿಂತಿದ್ದ ಅಧಿಕಾರಿ ಟವಲಿನ ಮೇಲಿಂದ ಇಣುಕಿ, “ಅರೇ ಭಾಯಿ, ವೋ ಚೈನ್ ಉತಾರೋ,” ಎಂದ.

“ವೋ ಚೈನ್ ನಹೀಂ ಹೈ,” ಎಂದ ತಮ್ಮ.

“ತೋ ಕ್ಯಾ ಹೈ?”

ತಮ್ಮ ಟವಲಿನ ಮೇಲಿಂದ ಅಪ್ಪನ ಕಡೆ ನೋಡಿದ. ಒಂದು ಗಂಟೆ ಸಮಯವಿದೆ, ಅಷ್ಟರಲ್ಲಿ ತೂಕಕ್ಕೆ ಬರದಿದ್ದರೆ ಪಂದ್ಯವಿಲ್ಲ ಎಂದ ಅಧಿಕಾರಿ. ಮೊದಲ ಪಂದ್ಯಕ್ಕೇ ತೂಕ ತಪ್ಪಿದವನನ್ನು ಮತ್ತೆ ಯಾರೂ ಸುಲಭವಾಗಿ ಕರೆಯುವುದಿಲ್ಲ. ಇದನ್ನು ಕೋಚ್ ನಮಗೆ ಮೊದಲೇ ಹೇಳಿದ್ದರು.

ಹಾಲ್‌ನ ಮೂಲೆಯಲ್ಲಿ ನಾವು ನಾಲ್ವರು ನಿಂತೆವು. ಕೋಚ್ ನೆಲ ನೋಡುತ್ತ, “ಕಾಕಾ, ಆಪ್ ಬೋಲೋ. ಮೈ ಕುಛ್ ನಹೀಂ ಬೋಲೂಂಗಾ,” ಎಂದರು. ಓಡಿ ಬೆವರು ಹರಿಸೋಣವೆಂದರೆ ತಮ್ಮನ ಮೈಯಲ್ಲಿ ಬೆವರೇ ಉಳಿದಿರಲಿಲ್ಲ. ಉಗುಳೋಣವೆಂದರೆ ಉಗುಳೂ ಇಲ್ಲ. ಅವನು ಥಟ್ಟನೆ ತನ್ನ ದಟ್ಟ ಕೂದಲು ಹಿಡಿದುಕೊಂಡ. “ಬಾಲ್ ಕಾಟ್ ದೇತಾ ಹೂಂ. ಪೂರಾ ಟಕಲಾ.”

ಅಪ್ಪನಿಗೆ ಸಿಟ್ಟು ಬಂತು. “ನಾ ಇನ್ನಾ ಎದುರಿಗೆ ನಿಂತೀನಿ, ಈಗ ತಲಿ ಬೋಳಸ್ಕೋತೀಯೇನಲೇ? ಸ್ವಲ್ಪ ತಡಿ, ಸಾಯ್ತೀನಿ, ಆಮ್ಯಾಲ ಬೋಳಸ್ಕೊ.”

ಕೋಚ್‌ಗೆ ಭಾಷೆ ತಿಳಿಯದಿದ್ದರೂ ಅರ್ಥ ತಿಳಿಯಿತು. ಮೊದಲು ನಕ್ಕದ್ದು ಅವರು. ಆಮೇಲೆ ನಾನು. ಕೊನೆಗೆ ಅಪ್ಪನಿಗೂ ತಡೆಯಲಾಗಲಿಲ್ಲ. ನಕ್ಕು ಮುಗಿಯುವಾಗ ಅವನ ಮುಖ ಬದಲಾಗಿತ್ತು.

“ಯವ್ವಾ,” ಎಂದು ನನ್ನನ್ನು ಕರೆದ. “ನಿನ್ನ ಚೀಲದಾಗ ಕರಿದಾರ ಐತೇನು?”

ಹೊಲಿಯುವವಳ ಚೀಲದಲ್ಲಿ ದಾರ ಇಲ್ಲದೆ ಇರುತ್ತದೆಯೇ. ನಾನು ನಾಲ್ಕೆಳೆ ಸೇರಿಸಿ ಹೊಸೆದುಕೊಟ್ಟೆ. ಅಪ್ಪ ಅದನ್ನು ತಮ್ಮನ ಸೊಂಟಕ್ಕೆ ಕಟ್ಟಿ, ಆಮೇಲೆ ಬೆಳ್ಳಿಯ ಕೊಂಡಿ ಬಿಚ್ಚಿದ. ತಮ್ಮ ಕಣ್ಣು ಮುಚ್ಚಿಕೊಂಡಿದ್ದ. ಬಿಚ್ಚಿದ್ದನ್ನು ತೆಗೆದುಕೊಳ್ಳಲು ನಾನು ಚೀಲದ ಬಾಯಿ ತೆರೆದೆ.

“ಚೀಲದಾಗ ಬ್ಯಾಡ,” ಎಂದ ಅಪ್ಪ. “ಇಂವ ಜೀವಂತ ಅದಾನು. ಇದು ಜೀವಂತ ಮೈಮ್ಯಾಲೇ ಇರಬೇಕು.” ಅಂಗಿ ಎತ್ತಿ, ತನ್ನ ಹಳೆಯ ಉಡದಾರದ ಮೇಲೆ ಮಗನದನ್ನೂ ಸುತ್ತಿ ಕೊಂಡಿ ಹಾಕಿಕೊಂಡ. ಅಪ್ಪನೂ ಮಗನಷ್ಟೇ ತೆಳ್ಳಗೆ, ಸರಿಯಾಗಿ ಕೂತಿತು. “ಭಾರ ಹೊರೂದು ನನ್ನ ಕಸಬು. ನೀ ಹಗೂರಾಗಿ ಹೋಗು.”

ಐವತ್ತೇಳಕ್ಕೆ ತುಸು ಕಡಿಮೆ ಬಂತು. ತಮ್ಮ ಯಂತ್ರದಿಂದ ಇಳಿದು ಮೊದಲು ಮಾಡಿದ ಕೆಲಸ ಒಂದು ಬಾಟಲಿ ನೀರು ಕುಡಿದದ್ದು. ಎರಡನೆಯದು ನನ್ನ ಡಬ್ಬಿ ಕಿತ್ತುಕೊಂಡದ್ದು. ಅನ್ನ, ಸಾರು, ಅದರ ಮೇಲೆ ಹೋಳಿಗೆ. ಅಪ್ಪ ಪಕ್ಕದಲ್ಲಿ ಕುಳಿತು, “ಸಾವಕಾಶ ತಿನ್ನೋ, ಯಾರೂ ಕಸಗೊಳ್ಳೂದಿಲ್ಲ,” ಎಂದು ಹೇಳುತ್ತ ತನ್ನ ಕೈಯಿಂದಲೇ ತುತ್ತು ಕೊಡುತ್ತಿದ್ದ.

ಉಡದಾರ ಆಗಲೇ ವಾಪಸು ಕಟ್ಟಬಹುದಿತ್ತು. ಆದರೆ ಪಂಜರದೊಳಗೆ ಲೋಹದ ಚೂರೂ ಮೈಮೇಲೆ ಇರಬಾರದು ಎಂದು ಕೋಚ್ ನೆನಪಿಸಿದರು. ಹಾಗಾಗಿ ಮರುದಿನ ಸಂಜೆ ಪಂದ್ಯ ಮುಗಿಯುವವರೆಗೂ ಎರಡೂ ಅಪ್ಪನ ಸೊಂಟದಲ್ಲೇ ಉಳಿದವು.

ಆ ಪಂದ್ಯವನ್ನು ನಾನು ಪೂರ್ತಿ ನೋಡಲಿಲ್ಲ. ಎದುರಾಳಿ ಉದ್ದ ತೋಳಿನ ಹುಡುಗ. ಮೊದಲ ಸುತ್ತಿನಲ್ಲಿ ತಮ್ಮನ ಹುಬ್ಬು ಒಡೆದ. ರಕ್ತ ಕಂಡದ್ದೇ ನಾನು ಪಂಜರ ಬಿಟ್ಟು ಅಪ್ಪನನ್ನು ನೋಡತೊಡಗಿದೆ. ಅಪ್ಪ ಎರಡೂ ಕೈಗಳಿಂದ ಅಂಗಿಯ ಮೇಲೆ ಸೊಂಟ ಹಿಡಿದುಕೊಂಡಿದ್ದ. ತಮ್ಮನಿಗೆ ಏಟು ಬಿದ್ದಾಗಲೆಲ್ಲ ಆ ಕೈಗಳು ಬಿಗಿಯಾಗುತ್ತಿದ್ದವು. ಎರಡನೆಯ ಸುತ್ತಿನಲ್ಲಿ ಅಪ್ಪ ಒಮ್ಮೆಲೇ ಎದ್ದು ನಿಂತ. “ಎತ್ತಿದಾ! ಎತ್ತಿದ ನೋಡವಾ!” ನಾನು ತಿರುಗುವಷ್ಟರಲ್ಲಿ ತಮ್ಮ ಆ ಹುಡುಗನನ್ನು ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡು ಕೆಡವಿದ್ದ. ಎಡ ಹೆಗಲಿಗೆ. ಆಮೇಲೆ ಬೆನ್ನಿಗೆ ಅಂಟಿಕೊಂಡು ಕತ್ತಿನ ಸುತ್ತ ಕೈ ಹಾಕಿದ. ಆ ಹುಡುಗ ಅವನ ತೋಳನ್ನು ಪಟಪಟ ತಟ್ಟಿದ. ತಮ್ಮ ತಕ್ಷಣ ಬಿಟ್ಟ.

ತಟ್ಟಿದರೆ ಸೋತೆ ಎಂದರ್ಥ ಎಂದು ನಾನು ಅಪ್ಪನಿಗೆ ವಿವರಿಸಲು ಹೋದೆ. ಅಪ್ಪನಿಗೆ ಆಗಲೇ ತಿಳಿದಿತ್ತು. “ನಮ್ಮಲ್ಲೂ ಹಂಗ. ಸಳಿ ಹೊತ್ತಾಗ ಹಿಂದಿನಂವಗ ಭಾರ ತಡೀದಿದ್ರ ಮುಂದಿನವನ ಬೆನ್ನ ತಟ್ಟತಾನು. ತಟ್ಟಿದ ಮ್ಯಾಲ ಒಂದ್ ಹೆಜ್ಜಿ ಸೈತ ಇಡೂದಿಲ್ಲ. ಚಲೋ ಆಟ ಐತಿ ಇದು,” ಎಂದ. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದ ಮಗನಿಗೆ ಉಡದಾರ ಮರಳಿ ಕಟ್ಟುವಾಗ, “ಎಲ್ಲಾ ಗುದ್ದೂ ನನಗ ಬಿದ್ದುವಲೇ,” ಎಂದು ಗೊಣಗಿದ.

ಅಂದಿನಿಂದ ಅದೇ ಪದ್ಧತಿಯಾಯಿತು. ಪ್ರತಿ ತೂಕಕ್ಕೂ ನಾನು ಕರಿದಾರ ಹೊಸೆಯುವುದು, ಅಪ್ಪ ಬೆಳ್ಳಿಯನ್ನು ಬಿಚ್ಚಿ ತಾನು ಕಟ್ಟಿಕೊಳ್ಳುವುದು. ತಮ್ಮ ಗೆದ್ದ, ಸೋತ, ಮತ್ತೆ ಗೆದ್ದ. ಒಮ್ಮೆ ಮೂಗು ಮುರಿದುಕೊಂಡು ಸೋತಾಗ ಬಹಳ ಬೇಜಾರಾಗಿದ್ದ. ಅಪ್ಪ ಸ್ಟೇಷನ್ನಿನ ಹೊರಗೆ ಅವನಿಗೆ ಕುಲ್ಫಿ ಕೊಡಿಸಿ, “ಲಾರಿ ದಿನಾ ತುಂಬತೈತೇನು? ಒಮ್ಮೊಮ್ಮೆ ಖಾಲೀನೂ ಹೊಳ್ಳಿ ಬರತೈತಿ,” ಎಂದ. ಬಜಾರಿನ ಹಮಾಲರು ಪಂದ್ಯವಿದ್ದಾಗ ರಜೆ ಹಾಕಿ ಬರತೊಡಗಿದರು. ತಮ್ಮ ಪಂಜರಕ್ಕೆ ಇಳಿದರೆ ಹಿಂದಿನ ಸಾಲಿನಿಂದ “ಹಾಫ್ ಲೋಡ್, ಹಾಫ್ ಲೋಡ್” ಎಂದು ಕೂಗು. ಅಕ್ಕಪಕ್ಕದವರು ಅದು ಯಾವುದೋ ಹೊಸ ಪಟ್ಟು ಎಂದುಕೊಂಡು ಅವರೂ ಕೂಗುತ್ತಿದ್ದರು.

ಅಪ್ಪ ಹೋದದ್ದು ಬೆಳಿಗ್ಗೆ, ಚಹಾ ಕುಡಿಯುತ್ತ. ಎದೆ ಹಿಡಿದುಕೊಂಡನಂತೆ, ಅಷ್ಟೇ. ನಾವು ಕಳಂಬೋಲಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಿರಿಯರು ಅವನ ಉಡದಾರ ತೆಗೆದು ಅವ್ವನ ಕೈಗೆ ಕೊಟ್ಟರು. ಎಷ್ಟೋ ವರ್ಷದ ಬೆಳ್ಳಿ, ಸವೆದು ನೂಲಿನಂತಾಗಿತ್ತು. ತಮ್ಮ ತಲೆ ಬೋಳಿಸಿಕೊಂಡ. ಕ್ಷೌರಿಕ ಕತ್ತರಿ ಹಾಕುವಾಗ ಅವನು ನನ್ನ ಕಡೆ ನೋಡಿದ, ನಾನು ಅವನ ಕಡೆ ನೋಡಿದೆ. ಇಬ್ಬರಿಗೂ ಐರೋಲಿಯ ಹಾಲ್ ನೆನಪಾಗಿತ್ತು. ಅಷ್ಟು ಜನರ ನಡುವೆ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಳುತ್ತಿದ್ದೇನೆ ಎಂದು ಯಾರೋ ಬೆನ್ನು ಸವರಿದರು. ಅಳುತ್ತಲೂ ಇದ್ದೆ.

ಹೀಗೆ ಆ ಪ್ರಶ್ನೆ ಬಂತು. ಪಂದ್ಯದ ವಾರ ಅವ್ವ ನಮ್ಮ ಮನೆಯಲ್ಲೇ ಇದ್ದಳು. ತಮ್ಮ ತೂಕ ಇಳಿಸುತ್ತಿದ್ದ, ಆದರೆ ಮನಸ್ಸಿಲ್ಲದೆ. “ಕಿಸಕೋ ದೂಂ, ಅಕ್ಕಾ?” ಎಂದು ಕೇಳಿದ. “ಅಪ್ಪ ನಹೀಂ ಹೈ ತೋ ಮೈ ನಹೀಂ ಉತಾರೂಂಗಾ.” ಬಿಚ್ಚದಿದ್ದರೆ ತೂಕವಿಲ್ಲ, ತೂಕವಿಲ್ಲದಿದ್ದರೆ ಪಂದ್ಯವಿಲ್ಲ. ಕೋಚ್ ಎರಡು ಸಲ ಬಂದು ಸುಮ್ಮನೆ ಚಹಾ ಕುಡಿದು ಹೋದರು.

ನನ್ನ ಗಂಡ ಪಾಪ, ತಾನು ಕಟ್ಟಿಕೊಳ್ಳುತ್ತೇನೆ ಎಂದು ಮುಂದೆ ಬಂದರು. ಅಳತೆ ನೋಡಲು ನಾನು ಹೊಲಿಗೆಯ ಟೇಪು ತಂದೆ. ಅವರು ಉಸಿರು ಒಳಗೆ ಎಳೆದುಕೊಂಡು ನಿಂತರು. ಟೇಪು ಓದಿ ನಾನು ತಮ್ಮನ ಕಡೆ ತಿರುಗಿಸಿದೆ. ತಮ್ಮ ಬಗ್ಗಿ ಓದಿದ. “ಜೀಜಾಜಿ, ಪಹಲೇ ಆಪ್ ವೇಟ್ ಕಟ್ ಕರೋ,” ಎಂದ. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಅವ್ವನೂ ನಕ್ಕಳು. ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ಮತ್ತ ನೀ ಯಾಕ ಟೇಪ್ ಹಿಡಕೊಂಡು ನಿಂತಿ? ನೀನ ಕಟ್ಟಿಕೊ.”

“ನಾನಾ? ಹೆಣ್ಣಮಕ್ಕಳು ಕಟ್ಟಿಕೊಳ್ತಾರೇನವ್ವಾ?”

“ಇಂವನ್ನ ಟೊಂಕದ ಮ್ಯಾಲ ಹೊತ್ತು ತಿರಗಿದಾಕಿ ನೀ. ಇಂವನ ಉಡದಾರ ಹೊರಾಕ ಆಗೂದಿಲ್ಲ? ನಿಮ್ಮಪ್ಪ ಇದ್ದಿದ್ರ ಅವನೂ ಇದ ಅಂತಿದ್ದ.”

ತಮ್ಮ ಎದ್ದು ಹೊರಗೆ ಹೋಗಿ ಹಗ್ಗ ಜಿಗಿಯತೊಡಗಿದ. ಪಡಸಾಲೆಯ ನೆಲ ಟಪಟಪ ಸದ್ದು ಮಾಡಿತು. ಕೆಳಗಿನ ಮನೆಯವರು ಕೂಗುವವರೆಗೂ ನಿಲ್ಲಿಸಲಿಲ್ಲ.

ತೂಕದ ದಿನ ನಾನು ದಾರ ಹೊಸೆದೆ, ಕಟ್ಟಿದೆ, ಬೆಳ್ಳಿ ಬಿಚ್ಚಿದೆ. ಅವನ ಮೈಯ ಬಿಸಿ ಅದರಲ್ಲಿ ಹಾಗೇ ಇತ್ತು. ಹೆಂಗಸರ ಬಚ್ಚಲಿಗೆ ಹೋಗಿ ಲಂಗದ ಮೇಲೆ ಸುತ್ತಿ ಕೊಂಡಿ ಹಾಕಿ ಸೀರೆ ಸರಿ ಮಾಡಿಕೊಂಡೆ. ಹೊರಗೆ ಬಂದಾಗ ತಮ್ಮ ಯಂತ್ರದ ಮೇಲೆ ನಿಂತಿದ್ದ. ಅವನ ಕೂದಲು ಒಂದು ಬೆರಳಗಲ ಮಾತ್ರ ಬೆಳೆದಿತ್ತು. ನನ್ನನ್ನು ಕಂಡು ಹುಬ್ಬು ಹಾರಿಸಿದ. ನಾನು ಸೊಂಟ ಮುಟ್ಟಿ ತೋರಿಸಿದೆ. ತೂಕ ಸರಿಯಾಗಿ ಬಂತು.

ಮರುದಿನ ಮೊದಲ ಸಲ ನಾನು ಪಂದ್ಯವನ್ನು ಪೂರ್ತಿ ನೋಡಿದೆ. ಕಣ್ಣು ತಪ್ಪಿಸಿ ನೋಡುವುದಕ್ಕೆ ಪಕ್ಕದಲ್ಲಿ ಅಪ್ಪನ ಮುಖ ಇರಲಿಲ್ಲ. ಮೂರು ಸುತ್ತೂ ನಡೆಯಿತು. ತಮ್ಮನಿಗೆ ಏಟು ಬಿದ್ದಾಗ ನನ್ನ ಕೈ ತಾನಾಗಿ ಸೊಂಟ ಹಿಡಿದುಕೊಳ್ಳುತ್ತಿತ್ತು. ಅಪ್ಪನಿಗೆ ಹೇಗೆ ಎಲ್ಲ ಗುದ್ದೂ ಬಿದ್ದವು ಎಂದು ಆಗ ತಿಳಿಯಿತು. ಹಿಂದಿನ ಸಾಲಿನಿಂದ ಹಮಾಲರು ಕೂಗುತ್ತಿದ್ದರು. ಕೊನೆಗೆ ರೆಫರಿ ಇಬ್ಬರ ಮಣಿಕಟ್ಟು ಹಿಡಿದು ನಿಂತ, ತಮ್ಮನ ಕೈ ಎತ್ತಿದ.

ಅವನು ಬೆವರು, ರಕ್ತ ಮೆತ್ತಿದ ಮುಖದಲ್ಲೇ ನನ್ನ ಹತ್ತಿರ ಬಂದ. “ಅಕ್ಕಾ, ದೇ ದೋ.”

“ಇಲ್ಲಿ ಹೆಂಗ ಕೊಡಲಿ? ಸೀರಿ ಒಳಗ ಐತಿ. ಮನೀತನಾ ನಾನ ಹೊರ್‍ತೀನಿ, ನೀ ನಡಿ.”

ಅವನು ಕನ್ನಡದಲ್ಲಿ ಕೇಳಿದ. “ಭಾರ ಆಗ್ತೈತೇನು?”

“ನೀ ಇದಕ್ಕಿಂತ ಭಾರ ಇದ್ದಿ,” ಎಂದೆ. “ಮ್ಯಾಲ ಒದೀತಿದ್ದಿ.”

ಠಾಣೆಯಲ್ಲಿ ಬದಲಾಯಿಸಿ ಹತ್ತಿದ ನಮ್ಮ ಕಡೆಯ ಲೋಕಲ್ ರೈಲಿನಲ್ಲಿ ನನಗೆ ಕಿಟಕಿಯ ಸೀಟು ಸಿಕ್ಕಿತು. ತಮ್ಮ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಹೋಳಿಗೆ ತಿನ್ನುತ್ತಿದ್ದ. ಎದುರಿನ ಮುದುಕಿ ಅವನ ಊದಿದ ಕಣ್ಣು ನೋಡಿ ಚೀಲವನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಅವನು ಆಕೆಗೂ ಒಂದು ಹೋಳಿಗೆ ಕೊಟ್ಟ. ರೈಲು ತಿರುವಿನಲ್ಲಿ ವಾಲಿದಾಗ ಕೊಂಡಿ ನನ್ನ ಪಕ್ಕೆಗೆ ಒತ್ತುತ್ತಿತ್ತು. ಸರಿಸಿಕೊಳ್ಳಬಹುದಿತ್ತು. ವಿಠ್ಠಲವಾಡಿ ಬರುವವರೆಗೂ ಹಾಗೇ ಇರಲಿ ಎಂದು ಬಿಟ್ಟೆ.